ಸಮ್ಮೇಳನಕ್ಕೆ ಬಂದವರಿಗೆ ಮೈಸೂರು ತೋರಿಸುವುದು ಹೇಗೆ?

ಯಾವುದಾದರೂ ಶಿಕ್ಷಣ ಸಮ್ಮೇಳನದ ಆಮಂತ್ರಣ ಪತ್ರಿಕೆ ತೆಗೆದು ನೋಡಿ. ಉದ್ಘಾಟನೆಗೆ ಅರ್ಧ ಪುಟ, ಗೋಷ್ಠಿಗಳಿಗೆ ಎರಡು ಪುಟ. ಕೊನೆಯಲ್ಲಿ ಒಂದೇ ಸಾಲು: ‘ಕ್ಯಾಂಪಸ್ ಭೇಟಿ ಮತ್ತು ಸ್ಥಳೀಯ ಪ್ರವಾಸ’. ಆ ಸಾಲಿನ ಹೊಣೆ ಸಾಮಾನ್ಯವಾಗಿ ಕಮಿಟಿಯ ಅತಿ ಕಿರಿಯ ಉಪನ್ಯಾಸಕರ ತಲೆಗೆ ಬೀಳುತ್ತದೆ. ಅವರಿಗೆ ಸಿಗುವ ಸೂಚನೆಯೂ ಒಂದೇ. ‘ಎರಡು ಬಸ್ ಮಾಡಿ, ಎಲ್ಲಾ ತೋರಿಸಿಬಿಡಿ.’

ಈ ಲೇಖನ ಅಂಥವರಿಗೆ. ಊರು ಯಾವುದಾದರೂ ಕ್ರಮ ಹೆಚ್ಚುಕಡಿಮೆ ಇದೇ. ಇಲ್ಲಿ ಮೈಸೂರನ್ನೇ ತೆಗೆದುಕೊಂಡಿದ್ದೇನೆ, ಯಾಕಂದ್ರೆ ಮೇಷ್ಟ್ರುಗಳಿಗೆ ತೋರಿಸಲು ಇಷ್ಟೊಂದು ಸಂಸ್ಥೆಗಳು ಒಂದೇ ಕಡೆ ಇರುವ ಊರು ನಮ್ಮಲ್ಲಿ ಕಡಿಮೆ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಬಸ್ಸು, ಊಟ, ಗೈಡು ಎಲ್ಲ ಆಮೇಲೆ. ಮೊದಲು ವಾರ ನೋಡಿ. ನಮ್ಮ ಸಮ್ಮೇಳನಗಳು ಬಹುತೇಕ ಶುಕ್ರವಾರ ಶುರುವಾಗಿ ಭಾನುವಾರ ಮುಗಿಯುತ್ತವೆ. ಮೊದಲ ಎರಡು ದಿನ ಭಾಷಣ, ಮೂರನೇ ದಿನ ಕ್ಯಾಂಪಸ್ ಭೇಟಿ. ಅಂದರೆ ಭಾನುವಾರ. ತರಗತಿ ಇಲ್ಲ, ಲೈಬ್ರರಿ ಬಾಗಿಲು ಹಾಕಿದೆ, ಲ್ಯಾಬಿನ ಕೀಲಿ ಯಾರ ಹತ್ತಿರ ಇದೆಯೋ ಗೊತ್ತಿಲ್ಲ. ವಾಚ್‌ಮನ್ ಒಬ್ಬರೇ ಸಿಗುತ್ತಾರೆ. ಬಂದವರು ಕಟ್ಟಡದ ಮುಂದೆ ಫೋಟೊ ತೆಗೆಸಿಕೊಂಡು ಬಸ್ ಹತ್ತುತ್ತಾರೆ. ಅದನ್ನು ಭೇಟಿ ಅನ್ನೋದು ಹೇಗೆ?

ಇದನ್ನು ಉಲ್ಟಾ ಮಾಡಿ. ಕ್ಯಾಂಪಸ್‌ಗೆ ಶುಕ್ರವಾರ, ಊರಿಗೆ ಭಾನುವಾರ. ಕೇಂದ್ರ ಸರ್ಕಾರದ ಕಚೇರಿಗಳಿಗೆ ವಾರದಲ್ಲಿ ಐದೇ ದಿನ ಕೆಲಸ. ರಾಜ್ಯದ ಕಚೇರಿಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಶಾಲೆಗಳಲ್ಲಿ ಶನಿವಾರ ಬೆಳಗಿನ ಹೊತ್ತು ಮಾತ್ರ ಪಾಠ. ಹಾಗಾಗಿ ಶನಿವಾರವನ್ನು ನೆಚ್ಚಿಕೊಳ್ಳಬೇಡಿ. ಅದೇ ಭಾನುವಾರ ಸಂಜೆ ಅರಮನೆಗೆ ದೀಪ ಹಚ್ಚುತ್ತಾರೆ. ಒಂದು ಲಕ್ಷದ ಹತ್ತಿರ ಬಲ್ಬು, ಅದೂ ಪುಕ್ಕಟೆ. ಊರೇ ನಿಮಗೆ ವೇಳಾಪಟ್ಟಿ ಮಾಡಿಕೊಟ್ಟಿದೆ ಅಲ್ವಾ?

ಉದ್ಘಾಟನೆಯನ್ನು ಶುಕ್ರವಾರ ಮಧ್ಯಾಹ್ನಕ್ಕೆ ತಳ್ಳಲು ಕಮಿಟಿ ಒಪ್ಪುವುದಿಲ್ಲ. ಮಂತ್ರಿಗಳ ಸಮಯ, ಕುಲಪತಿಗಳ ಸಮಯ ಅಂತ ಶುರು ಮಾಡುತ್ತಾರೆ. ಆಗ ಶುಕ್ರವಾರ ಮಧ್ಯಾಹ್ನವನ್ನಾದರೂ ಹಟ ಹಿಡಿದು ಉಳಿಸಿಕೊಳ್ಳಿ. ಎರಡು ಗಂಟೆ ಸಿಕ್ಕರೂ ಸಾಕು.

ಇನ್ನೂ ಎರಡು ಎಚ್ಚರಿಕೆ. ದಸರಾ ಸಮಯದಲ್ಲಿ ಸಮ್ಮೇಳನ ಇಟ್ಟುಕೊಳ್ಳಬೇಡಿ. ರೂಮಿನ ಬಾಡಿಗೆ ಏರುತ್ತದೆ, ರಸ್ತೆಯಲ್ಲಿ ಬಸ್ ಓಡುವುದಿಲ್ಲ, ಶಾಲೆಗಳಿಗೂ ರಜೆ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, ನೂಕುನುಗ್ಗಲು ಬೇರೆ.

ಏನು ನೋಡಬೇಕು ಅಂತ ಅವರನ್ನೇ ಕೇಳಿ

ನೋಂದಣಿ ಫಾರಂನಲ್ಲಿ ಒಂದು ಪ್ರಶ್ನೆ ಸೇರಿಸಿ. ಕೆಳಗಿನ ಭೇಟಿಗಳಲ್ಲಿ ಒಂದನ್ನು ಮಾತ್ರ ಆರಿಸಿ ಅಂತ. ಒಂದೇ ಮಧ್ಯಾಹ್ನ ನಾಲ್ಕು ಸಂಸ್ಥೆ ತೋರಿಸಿದರೆ ಜನ ನಾಲ್ಕು ಸೆಮಿನಾರ್ ಹಾಲ್ ನೋಡಿರುತ್ತಾರೆ, ಅಷ್ಟೆ.

ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ ಮಾನಸಗಂಗೋತ್ರಿಯ ಸುತ್ತಮುತ್ತಲೇ ಮೂರು ಆಯ್ಕೆ ಸಿಗುತ್ತವೆ. ಶಾಲಾ ಶಿಕ್ಷಕರಿಗೆ ಮತ್ತು ಬಿ.ಎಡ್. ಕಾಲೇಜಿನವರಿಗೆ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಎನ್‌ಸಿಇಆರ್‌ಟಿಯ ಈ ಸಂಸ್ಥೆ 1963ರಿಂದ ಇದೆ. ಪದವಿ ಮತ್ತು ಶಿಕ್ಷಕ ತರಬೇತಿಯನ್ನು ನಾಲ್ಕು ವರ್ಷದ ಒಂದೇ ಕೋರ್ಸಿನಲ್ಲಿ ಕಲಿಸುವ ಪದ್ಧತಿ ಇಲ್ಲಿ ದಶಕಗಳಿಂದ ನಡೆದಿದೆ. ಈಗ ದೇಶವೆಲ್ಲ ಅದರ ಬಗ್ಗೆ ಮಾತಾಡುತ್ತಿದೆ. ಅದಕ್ಕಿಂತ ಮುಖ್ಯ, ಆವರಣದಲ್ಲೇ ಒಂದು ಪ್ರಾಯೋಗಿಕ ಶಾಲೆ ಇದೆ. ಹೆಸರು ಡೆಮಾನ್‌ಸ್ಟ್ರೇಷನ್ ಮಲ್ಟಿಪರ್ಪಸ್ ಸ್ಕೂಲ್, ಎಲ್ಲರೂ ಡಿಎಂಎಸ್ ಅಂತಲೇ ಕರೆಯುತ್ತಾರೆ. ಮೇಷ್ಟ್ರಾಗುವವರು ಪಾಠ ಮಾಡಿ ಕಲಿಯುವ ಜಾಗ ಅದು.

ಭಾಷೆ ಕಲಿಸುವವರಿಗೆ ಭಾರತೀಯ ಭಾಷಾ ಸಂಸ್ಥಾನ. ಶುರುವಾದದ್ದು 1969ರಲ್ಲಿ. ಇದಕ್ಕೆ ಸೇರಿದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಿಕ್ಷಕರು ಹತ್ತು ತಿಂಗಳು ಉಳಿದು ಕನ್ನಡ, ತಮಿಳು, ತೆಲುಗು ಅಥವಾ ಮಲಯಾಳಂ ಕಲಿಯುತ್ತಾರೆ. ಆ ಶಿಕ್ಷಕರ ಜೊತೆ ಅರ್ಧ ಗಂಟೆ ಹರಟೆಗೆ ಕೇಳಿಕೊಳ್ಳಿ. ನಿರ್ದೇಶಕರ ಪರಿಚಯ ಭಾಷಣಕ್ಕಿಂತ ಅದರಲ್ಲಿ ಜಾಸ್ತಿ ಸಿಗುತ್ತದೆ.

ಮೂರನೆಯದು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1965ರದ್ದು. ಮಾತು ಮತ್ತು ಕಿವಿಯ ತೊಂದರೆ ಇರುವ ಪುಟ್ಟ ಮಕ್ಕಳಿಗಾಗಿ ಇಲ್ಲಿ ಪ್ರೀಸ್ಕೂಲ್ ಇದೆ. ಮಕ್ಕಳ ಜೊತೆ ತಾಯಂದಿರೂ ಕೂತು, ಮನೆಯಲ್ಲಿ ಹೇಗೆ ಮಾತು ಕಲಿಸಬೇಕು ಅಂತ ತಿಳಿದುಕೊಳ್ಳುತ್ತಾರೆ. ಎಲ್ಲ ಬಗೆಯ ಮಕ್ಕಳೂ ಒಂದೇ ತರಗತಿಯಲ್ಲಿ ಕಲಿಯಬೇಕು ಅಂತ ಪೇಪರ್ ಓದಲು ಬಂದವರು ಇದನ್ನು ನೋಡದೆ ಹೋಗಬಾರದು.

ಇತಿಹಾಸದ ಆಸಕ್ತಿ ಇರುವ ಸಣ್ಣ ಗುಂಪಿಗೆ ನಾಲ್ಕನೇ ದಾರಿ ಒಂದಿದೆ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದ ಆಡಳಿತ ಕಚೇರಿ ಕ್ರಾಫರ್ಡ್ ಹಾಲ್, ಮಹಾರಾಜ ಕಾಲೇಜು, ಆಮೇಲೆ ಪ್ರಾಚ್ಯವಿದ್ಯಾ ಸಂಶೋಧನಾಲಯ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ, ಈ ಗ್ರಂಥಾಲಯದಲ್ಲೇ. 1909ರಲ್ಲಿ ಅಚ್ಚಾಯಿತು. ಅಲ್ಲಿಯವರೆಗೆ ಆ ಗ್ರಂಥದ ಹೆಸರು ಮಾತ್ರ ಜನರಿಗೆ ಗೊತ್ತಿತ್ತು. ಹಳೆಯ ಕಟ್ಟಡ, ದುರಸ್ತಿ ಕೆಲಸ ನಡೆಯುತ್ತಿರಬಹುದು. ತಾಳೆಗರಿ ನೋಡಲು ಸಿಗುತ್ತದೆಯೇ ಅಂತ ಮೊದಲೇ ಕೇಳಿ ಖಾತ್ರಿ ಮಾಡಿಕೊಳ್ಳಿ.

ದೊಡ್ಡ ಐಟಿ ಕಂಪನಿಯ ತರಬೇತಿ ಕ್ಯಾಂಪಸ್ ತೋರಿಸಿ ಅಂತ ಕೆಲವರು ಕೇಳಿಯೇ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಶಿಕ್ಷಣ ಸಮ್ಮೇಳನಕ್ಕೆ ಅದು ಬೇಡ. ಹುಲ್ಲುಹಾಸು ನೋಡಿ ಬರಲು ಅಷ್ಟು ಪತ್ರ ವ್ಯವಹಾರ ಯಾಕೆ?

ಪತ್ರ ಹೀಗೆ ಬರೆಯಿರಿ

ಕಾಲೇಜಿನ ಲೆಟರ್‌ಹೆಡ್‌ನಲ್ಲಿ, ಪ್ರಾಂಶುಪಾಲರ ಸಹಿಯೊಂದಿಗೆ, ಕನಿಷ್ಠ ಒಂದು ತಿಂಗಳು ಮೊದಲು. ‘ನಮ್ಮ ಪ್ರತಿನಿಧಿಗಳು ತಮ್ಮ ಸಂಸ್ಥೆಗೆ ಭೇಟಿ ನೀಡಲು ಇಚ್ಛಿಸುತ್ತಾರೆ’ ಅಂತ ಸುಮ್ನೆ ಬರೆದರೆ ಅವರು ಸೆಮಿನಾರ್ ಹಾಲ್ ತೆಗೆದು, ಪಿಪಿಟಿ ಹಾಕಿ, ಚಹಾ ಕೊಟ್ಟು ಕಳಿಸುತ್ತಾರೆ. ತಪ್ಪು ಅವರದ್ದಲ್ಲ. ನೀವು ಕೇಳಿದ್ದೇ ಅಷ್ಟು.

ಬೇಕಾದ್ದನ್ನು ಬಿಡಿಸಿ ಬರೆಯಿರಿ. ಎಷ್ಟು ಜನ, ಯಾವ ದಿನ, ಎಷ್ಟು ಗಂಟೆಗೆ ಬಂದು ಎಷ್ಟಕ್ಕೆ ಹೊರಡುತ್ತೀರಿ. ಏಳನೇ ತರಗತಿಯ ಗಣಿತ ಪಾಠವೋ, ಲೈಬ್ರರಿಯೋ, ಪಾಠೋಪಕರಣಗಳ ಕೋಣೆಯೋ. ಕೊನೆಗೆ, ಕೆಲಸ ಮಾಡುವವರೇ ತೋರಿಸಲಿ ಅಂತ ಒಂದು ಸಾಲು. ಲೈಬ್ರರಿಯನ್ನು ಲೈಬ್ರೇರಿಯನ್ ತೋರಿಸಿದಾಗ ಸಿಗುವ ವಿಷಯ ಪಿಆರ್‌ಒ ತೋರಿಸಿದಾಗ ಸಿಗುವುದಿಲ್ಲ.

ಒಪ್ಪಿಗೆ ಬಂದ ಮೇಲೆ ಹೆಸರುಗಳ ಪಟ್ಟಿ ಕಳಿಸಿ. ಹೊರದೇಶದವರಿದ್ದರೆ ಅವರ ಪಾಸ್‌ಪೋರ್ಟ್ ವಿವರ ಪ್ರತ್ಯೇಕವಾಗಿ ಇರಲಿ, ಗೇಟಿನಲ್ಲಿ ಕೇಳಬಹುದು. ಹಿಂದಿನ ದಿನ ಒಮ್ಮೆ ಫೋನ್ ಮಾಡಿ. ಪತ್ರ ತಲುಪಿದ ಮಾತ್ರಕ್ಕೆ ಗೇಟಿನವರಿಗೆ ಗೊತ್ತಿರುತ್ತದೆ ಅಂತೇನೂ ಇಲ್ಲ.

ತರಗತಿಯೊಳಗೆ

ಈ ಭಾಗವನ್ನು ಬಸ್ಸಿನಲ್ಲೇ, ಇಳಿಯುವ ಮೊದಲೇ ಎಲ್ಲರಿಗೂ ಹೇಳಿ. ಶಿಕ್ಷಕರೇ ತರಗತಿಗೆ ಅತಿಥಿಗಳಾಗಿ ಬಂದಾಗ ತೊಂದರೆ ಜಾಸ್ತಿ. ಅವರಿಗೆ ಸುಮ್ಮನೆ ಕೂರಲು ಆಗುವುದಿಲ್ಲ.

ಒಂದು ತರಗತಿಗೆ ಆರೇಳು ಜನರಿಗಿಂತ ಜಾಸ್ತಿ ಬೇಡ. ಇಪ್ಪತ್ತೈದು ಜನರ ಗುಂಪಾದರೆ ನಾಲ್ಕು ತರಗತಿಗೆ ಹಂಚಿ. ಬೆಲ್ ಹೊಡೆಯುವ ಮೊದಲೇ ಹೋಗಿ ಹಿಂದಿನ ಸಾಲಿನಲ್ಲಿ ಕೂರಬೇಕು, ಪೀರಿಯಡ್ ಮುಗಿಯುವವರೆಗೆ ಏಳಬಾರದು. ಮಧ್ಯೆ ಬಾಗಿಲು ತೆಗೆದು ಇಣುಕಿದರೆ ಅಷ್ಟೂ ಮಕ್ಕಳು ತಿರುಗುತ್ತಾರೆ, ಪಾಠ ಅಲ್ಲಿಗೇ ಮುಗಿಯಿತು. ‘ಏನ್ ಮರಿ ನಿನ್ ಹೆಸ್ರು, ಹದಿನಾರರ ಮಗ್ಗಿ ಹೇಳು ನೋಡೋಣ’ ಅಂತ ಪರೀಕ್ಷೆ ಮಾಡಲು ಹೋಗಬಾರದು. ಮಕ್ಕಳ ಫೋಟೊ ಬೇಡವೇ ಬೇಡ. ವಾಕ್ ಶ್ರವಣ ಸಂಸ್ಥೆಯಲ್ಲಂತೂ ಮೊಬೈಲ್ ಬ್ಯಾಗಿನಲ್ಲೇ ಇರಲಿ. ಅಲ್ಲಿರುವವರು ಚಿಕಿತ್ಸೆಗೆ ಬಂದ ಮಕ್ಕಳು, ಅವರ ಅಪ್ಪ ಅಮ್ಮ.

ಪಾಠ ಮುಗಿದ ಮೇಲಿನ ಇಪ್ಪತ್ತು ನಿಮಿಷವೇ ಭೇಟಿಯ ನಿಜವಾದ ಫಲ. ಪಾಠ ಮಾಡಿದ ಶಿಕ್ಷಕರ ಜೊತೆ ಸ್ಟಾಫ್ ರೂಮಿನಲ್ಲಿ ಮಾತು. ಈ ಪಾಠಕ್ಕೆ ಎಷ್ಟು ಹೊತ್ತು ತಯಾರಿ ಮಾಡಿದಿರಿ, ಹಿಂದೆ ಬಿದ್ದ ಮಕ್ಕಳಿಗೆ ಏನು ಮಾಡುತ್ತೀರಿ, ಲೆಸನ್ ಪ್ಲಾನ್ ತೋರಿಸುತ್ತೀರಾ ಅಂತ ಕೇಳಬಹುದು. ಇದಕ್ಕೆ ಸಮಯ ಇಲ್ಲದಿದ್ದರೆ ಕ್ಯಾಂಪಸ್ ಸುತ್ತುವುದನ್ನು ಕೈಬಿಡಿ, ಇದನ್ನಲ್ಲ. ಹಾರ, ಶಾಲು, ಮೈಸೂರು ಪೇಟದ ಸನ್ಮಾನವನ್ನು ಐದು ನಿಮಿಷದಲ್ಲಿ ಮುಗಿಸಿ. ಪುಸ್ತಕ ಕೊಡುವುದಾದರೆ ಶಾಲೆಯ ಲೈಬ್ರರಿಗೆ ಕೊಡಿ.

ಬೆಳಗಿನ ಕೆರೆ

ಹೊರಗಿನಿಂದ ಬಂದವರು ಬೆಳಿಗ್ಗೆ ಬೇಗ ಏಳುತ್ತಾರೆ, ತಿಂಡಿ ಎಂಟೂವರೆಗೆ. ಆ ಹೊತ್ತಿಗೆ ಕುಕ್ಕರಹಳ್ಳಿ ಕೆರೆ ಇಡಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ್ದು, ಈಗ ವಿಶ್ವವಿದ್ಯಾನಿಲಯದ ಕೈಯಲ್ಲಿದೆ. ಸುತ್ತ ನಡೆಯುವ ದಾರಿ ಇದೆ, ನೀರಿನಲ್ಲಿ ಪೆಲಿಕನ್, ನೀರುಕಾಗೆಗಳಿವೆ. ಕುವೆಂಪು ವಾಕಿಂಗ್ ಮಾಡುತ್ತಿದ್ದ ಕೆರೆ ಇದೇ. ಕುಲಪತಿಗಳಾಗಿದ್ದಾಗ ಪಕ್ಕದ ಕ್ಯಾಂಪಸ್‌ಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರೂ ಅವರೇ. ಬಸ್ ಬೇಡ, ಗೈಡ್ ಬೇಡ. ದಾರಿ ಗೊತ್ತಿರುವ ಇಬ್ಬರು ವಿದ್ಯಾರ್ಥಿಗಳು ಸಾಕು. ಗೋಷ್ಠಿಯಲ್ಲಿ ಒಬ್ಬರನ್ನೊಬ್ಬರು ಮಾತಾಡಿಸದವರು ಇಲ್ಲಿ ಮಾತಾಡುತ್ತಾರೆ.

ಭಾನುವಾರ: ಒಂದೇ ದಿಕ್ಕು ಹಿಡಿಯಿರಿ

ಮೈಸೂರಿನ ಪ್ರವಾಸ ಕೆಡುವುದು ಅತಿಯಾಸೆಯಿಂದ. ಬೆಟ್ಟ, ಅರಮನೆ, ಮೃಗಾಲಯ, ಶ್ರೀರಂಗಪಟ್ಟಣ, ರಂಗನತಿಟ್ಟು, ಕೊನೆಗೆ ಕೆಆರ್‌ಎಸ್ ಕಾರಂಜಿ. ಟೂರಿಸ್ಟ್ ಬಸ್‌ನವರು ಇಷ್ಟನ್ನೂ ಒಂದೇ ದಿನ ತುರುಕುತ್ತಾರೆ. ಎರಡು ದಿನ ಕುರ್ಚಿಯಲ್ಲಿ ಕೂತು ಸುಸ್ತಾದವರನ್ನು ಮೂರನೇ ದಿನ ಬಸ್ಸಿನ ಸೀಟಿನಲ್ಲಿ ಕೂರಿಸಬೇಡಿ.

ಊರಿನ ಹೊರಗೆ ಒಂದೇ ದಿಕ್ಕು, ಮಧ್ಯಾಹ್ನ ಊಟದ ಹೊತ್ತಿಗೆ ವಾಪಸ್. ಬಡಗಣಕ್ಕೆ ಹೋದರೆ ಮೊದಲು ರಂಗನತಿಟ್ಟು, ಆಮೇಲೆ ಶ್ರೀರಂಗಪಟ್ಟಣದಲ್ಲಿ ರಂಗನಾಥ ದೇವಸ್ಥಾನ ಮತ್ತು ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್. ಗೋಡೆ ತುಂಬಾ ಯುದ್ಧದ ಚಿತ್ರಗಳಿರುವ ಈ ಅರಮನೆ 1784ರದ್ದು. ಪಕ್ಷಿಧಾಮಕ್ಕೆ ಚಳಿಗಾಲ, ಬೇಸಿಗೆಯ ಆರಂಭ ಒಳ್ಳೆಯದು. ಮಳೆಗಾಲದಲ್ಲಿ ಕನ್ನಂಬಾಡಿ (ಕೆಆರ್‌ಎಸ್) ಅಣೆಕಟ್ಟೆಯಿಂದ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ.

ಮೂಡಣಕ್ಕೆ ಹೋದರೆ ಸೋಮನಾಥಪುರ, ಸುಮಾರು 35 ಕಿಲೋಮೀಟರ್. ನನ್ನ ಓಟು ಇದಕ್ಕೇ. ಹದಿಮೂರನೇ ಶತಮಾನದ ಹೊಯ್ಸಳ ದೇವಸ್ಥಾನ. ಬೇಲೂರು, ಹಳೇಬೀಡಿನ ಜೊತೆ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಪೂಜೆ ಇಲ್ಲ, ಹಾಗಾಗಿ ಕ್ಯೂ ಇಲ್ಲ, ಗಡಿಬಿಡಿ ಇಲ್ಲ. ನಕ್ಷತ್ರದ ಆಕಾರದ ಜಗಲಿಯ ಮೇಲೆ ಸುತ್ತು ಬಂದರೆ ಗೋಡೆಯ ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಇನ್ನೂ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು. ಕೆಲವು ವಿಗ್ರಹಗಳ ಪೀಠದಲ್ಲಿ ಶಿಲ್ಪಿಯ ಹೆಸರೂ ಇದೆ. ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ಅದನ್ನು ಹುಡುಕಲು ಬಿಡಿ, ಗೈಡ್ ಭಾಷಣಕ್ಕಿಂತ ಮೇಲು. ಕಲ್ಲು ಕಾದ ಮೇಲೆ ಬರಿಗಾಲಿನಲ್ಲಿ ನಡೆಯುವುದು ಕಷ್ಟ, ಅದಕ್ಕೇ ಬೆಳಿಗ್ಗೆ ಹತ್ತರೊಳಗೆ ಅಲ್ಲಿರಿ. ಸಾಕ್ಸ್ ತರಲು ಹಿಂದಿನ ದಿನವೇ ಹೇಳಿ. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಹೊರದೇಶದವರ ಟಿಕೆಟ್ ದರ ಬಹಳ ಜಾಸ್ತಿ. ಅದನ್ನು ನೋಂದಣಿ ಶುಲ್ಕದಲ್ಲೇ ಸೇರಿಸಿಬಿಡಿ. ಗೇಟಿನಲ್ಲಿ ಅತಿಥಿಯ ಕೈಯಿಂದ ದುಡ್ಡು ತೆಗೆಸುವುದು ಚೆನ್ನಾಗಿರುವುದಿಲ್ಲ.

ಮಧ್ಯಾಹ್ನ ಊಟ, ಒಂದು ಗಂಟೆ ವಿಶ್ರಾಂತಿ. ಮೂರೂವರೆಗೆ ಅರಮನೆ ಒಳಗೆ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ಯೋಜನೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ್ದು ಈಗಿನದು. ಇಲ್ಲೂ ಚಪ್ಪಲಿ ಹೊರಗೇ. ಐವತ್ತು ಜನ ಒಟ್ಟಿಗೆ ಚಪ್ಪಲಿ ಬಿಟ್ಟರೆ ವಾಪಸ್ ಹುಡುಕಲು ಹದಿನೈದು ನಿಮಿಷ ಹೋಗುತ್ತದೆ. ಬಸ್ಸಿನಲ್ಲೇ ಬಿಟ್ಟು ಬರಲು ಆಗದ ದೂರ, ಆದ್ದರಿಂದ ಐದೈದು ಜನರಿಗೆ ಒಂದು ಬಟ್ಟೆ ಚೀಲ ಕೊಡಿ. ಕಿಟ್ ಬ್ಯಾಗಿಗೆ ಕಡೆಗೂ ಒಂದು ಉಪಯೋಗ ಆಯಿತು.

ಐದೂವರೆಗೆ ಒಳಾಂಗಣ ಮುಚ್ಚುತ್ತದೆ, ದೀಪ ಏಳರ ಸುಮಾರಿಗೆ. ನಡುವಿನ ಹೊತ್ತನ್ನು ಖಾಲಿ ಬಿಡಿ. ಹತ್ತಿರದ ದೇವರಾಜ ಮಾರುಕಟ್ಟೆಯಲ್ಲಿ ಹೂವು, ಅರಿಶಿನ ಕುಂಕುಮದ ಗುಡ್ಡೆ ನೋಡಲಿ, ಮೈಸೂರು ಪಾಕ್, ಸ್ಯಾಂಡಲ್ ಸೋಪು ಕೊಳ್ಳಲಿ. ಟಾಂಗಾ ಹತ್ತುವವರು ಹತ್ತಲಿ. ಆರೂಮುಕ್ಕಾಲಿಗೆ ಅರಮನೆಯ ಯಾವ ಬಾಗಿಲಿನ ಹತ್ತಿರ ಸೇರಬೇಕು ಅಂತ ವಾಟ್ಸಾಪ್‌ನಲ್ಲಿ ಫೋಟೊ ಸಮೇತ ಹಾಕಿ. ಬರೀ ‘ಅರಮನೆ ಗೇಟ್’ ಅಂದರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗುತ್ತಾರೆ.

ಮೃಗಾಲಯ ಕೇಳುವವರಿಗೆ ಒಂದು ಮಾತು: ಮಂಗಳವಾರ ರಜೆ. ಬೆಟ್ಟ ಬೇಕೆನ್ನುವವರು ಶನಿವಾರ ಬೆಳಿಗ್ಗೆ ಕೆರೆಯ ಬದಲು ಹೋಗಿಬರಲಿ. ಮಂಡಿ ಗಟ್ಟಿ ಇದ್ದವರಿಗೆ ಸಾವಿರ ಮೆಟ್ಟಿಲು, ಉಳಿದವರಿಗೆ ರಸ್ತೆ.

ಸರ್ಟಿಫಿಕೇಟ್ ಮತ್ತು ಸೂಟ್‌ಕೇಸ್

ಕೆಲವು ಕಮಿಟಿಗಳು ಪ್ರವಾಸ ಮುಗಿಯುವವರೆಗೆ ಹಾಜರಾತಿ ಸರ್ಟಿಫಿಕೇಟ್ ಕೊಡುವುದಿಲ್ಲ. ಕೊಟ್ಟರೆ ಬಸ್ ಖಾಲಿ ಆಗುತ್ತದೆ ಅನ್ನೋ ಭಯ. ಖಾಲಿ ಆಗಲಿ ಬಿಡಿ. ಸೋಮವಾರ ಬೆಳಿಗ್ಗೆ ಬೀದರಿನಲ್ಲೋ ಕಾರವಾರದಲ್ಲೋ ಶಾಲೆಗೆ ಹಾಜರಾಗಬೇಕಾದವರು ಇರುತ್ತಾರೆ. ಸರ್ಟಿಫಿಕೇಟ್, ಓಓಡಿ (ಅನ್ಯ ಕರ್ತವ್ಯದ) ಪತ್ರ, ಟಿಎ (ಪ್ರಯಾಣ ಭತ್ಯೆ) ಫಾರಂ ಎಲ್ಲ ಶನಿವಾರ ಸಂಜೆಯೇ ಕೈಗೆ ಕೊಡಿ. ಭಾನುವಾರ ಎಷ್ಟು ಜನ ಬರುತ್ತೀರಿ ಅಂತ ಆಗಲೇ ಕೈ ಎತ್ತಿಸಿ, ಬಸ್ಸಿನ ಸಂಖ್ಯೆ ಆಮೇಲೆ ನಿಗದಿ ಮಾಡಿ. ಹಾಗೆ ಉಳಿದವರ ರೂಮುಗಳನ್ನು ಬೆಳಿಗ್ಗೆಯೇ ಖಾಲಿ ಮಾಡಿಸಿ, ಸೂಟ್‌ಕೇಸುಗಳಿಗೆ ಹೆಸರಿನ ಚೀಟಿ ಅಂಟಿಸಿ ಬಸ್ಸಿನ ಡಿಕ್ಕಿಯಲ್ಲಿ ಇಡಿಸಿ. ದೀಪ ನೋಡಿ ನೇರ ರೈಲ್ವೆ ಸ್ಟೇಷನ್‌ಗೆ ಬಿಡಬಹುದು. ಆದರೆ ಭಾನುವಾರ ಸಂಜೆ ಅರಮನೆ ಸುತ್ತ ಟ್ರಾಫಿಕ್ ವಿಪರೀತ. ಎಂಟೂವರೆಗಿಂತ ಮುಂಚಿನ ರೈಲು ಇದ್ದವರನ್ನು ಆರೂವರೆಗೇ ಆಟೊ ಹತ್ತಿಸಿಬಿಡಿ, ದೀಪ ನೋಡಿಕೊಂಡು ಹೋಗಿ ಅಂತ ಬಲವಂತ ಮಾಡಬೇಡಿ.