ರಕ್ತದಲ್ಲಿ ಕಮಟಿದ ಕೊಬ್ಬು: ಗುಲಾಬಿ ಬಣ್ಣದ ಪರೀಕ್ಷೆ

ಹಂದಿ ಕೊಬ್ಬನ್ನು ಸುಮ್ನೆ ಗಾಳಿಗೆ ಬಿಟ್ಟರೆ ಕಮಟು ವಾಸನೆ ಬರುತ್ತದೆ, ಅಲ್ವಾ? ಮಡಿಕೇರಿಯ ನಮ್ಮ ಲ್ಯಾಬ್‌ಗೆ ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ಜೀವಕೋಶದ ಪೊರೆಯಲ್ಲೂ ಹೀಗೇ. ಫ್ರೀ ರಾಡಿಕಲ್ ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಚುರುಕು ಕಣ; ಅದು ಒಂದು ಕೊಬ್ಬಿನಾಮ್ಲದಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಆ ಜಾಗಕ್ಕೆ ಆಮ್ಲಜನಕ ಬಂದು ಕೂರುತ್ತದೆ. ಹೀಗಾದ ಕೊಬ್ಬಿನಾಮ್ಲ ಪಕ್ಕದ್ದರಿಂದ ಹೈಡ್ರೋಜನ್ ಕೀಳುತ್ತದೆ, ಹಾಗೇ ಮುಂದಕ್ಕೆ. ಕೊನೆಗೆ ಸಿಗುವ ಚೂರುಗಳಲ್ಲಿ ಒಂದು ಮಾಲಾನ್‌ಡೈಆಲ್ಡಿಹೈಡ್. ನಾವು ಹುಡುಕುವುದು ಅದನ್ನು.

ರಕ್ತವನ್ನು ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಟ್ಯೂಬಿಗೇ ತೆಗೆಯಿರಿ. ಕೊಬ್ಬು ಕೆಡುವುದನ್ನು ಹೆಚ್ಚಿಸುವ ಬಿಡಿ ಕಬ್ಬಿಣವನ್ನೂ ಅದು ಹಿಡಿದಿಡುತ್ತದೆ. ಕೂಡಲೇ ಐಸಿನಲ್ಲಿಡಿ. ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವ, ಅಂದರೆ ಪ್ಲಾಸ್ಮಾ, ಕೆಂಪಗಿದ್ದರೆ ಆ ಸ್ಯಾಂಪಲ್ ಬೇಡ, ರಕ್ತಕಣ ಒಡೆದಿವೆ. ಪ್ಲಾಸ್ಮಾಗೆ ಆಮ್ಲ ಮತ್ತು ಮಾಲಾನ್‌ಡೈಆಲ್ಡಿಹೈಡ್ ಜೊತೆ ಸೇರಿ ಬಣ್ಣ ಕೊಡುವ ಥಯೋಬಾರ್ಬಿಟ್ಯುರಿಕ್ ಆಸಿಡ್ ಸೇರಿಸಿ. ಸ್ವಲ್ಪ ಬಿಎಚ್‌ಟಿ (ಕೊಬ್ಬು ಕೆಡದಂತೆ ತಡೆಯುವ ರಾಸಾಯನಿಕ) ಮರೆಯಬೇಡಿ, ಇಲ್ಲದಿದ್ದರೆ ಕಾಯಿಸುವಾಗಲೇ ಇನ್ನಷ್ಟು ಕೊಬ್ಬು ಕೆಡುತ್ತದೆ. 95 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಇಡಿ. ಜುಲೈ ಮಳೆಗೆ ಒಮ್ಮೆ 20ನೇ ನಿಮಿಷಕ್ಕೇ ಕರೆಂಟ್ ಹೋಗಿ ಇಡೀ ದಿನದ ಕೆಲಸ ದಂಡವಾಯಿತು. ಈಗ ಯುಪಿಎಸ್ ನೋಡಿಯೇ ಶುರು ಮಾಡುತ್ತೇನೆ.

ತಣ್ಣಗಾದ ಮೇಲೆ ತಿಳಿ ಗುಲಾಬಿ ಬಣ್ಣ ಕಾಣುತ್ತದೆ. ಅದನ್ನು 532 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆಯಿರಿ. ಕೆಲವು ಸಕ್ಕರೆಗಳೂ ಬಣ್ಣ ಕೊಡುತ್ತವೆ. ಹಾಗಾಗಿ ಎರಡು ಗುಂಪನ್ನು ಹೋಲಿಸಲು ಇದು ಸಾಕು, ಒಬ್ಬರ ರಿಪೋರ್ಟಿಗೆ ಇದೊಂದನ್ನೇ ನಂಬಬೇಡಿ.