ತೋಟದ ಮನೆಯ ನಾಯಿ: ಬೇಲಿ, ಓಡುತಂತಿ, ಗೂಡು

ನಾಯಿಗೆ ಬೇಲಿ ಎಷ್ಟು ಎತ್ತರ ಇರಬೇಕು ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೂ ಮೊದಲು ನಾಯಿ ಎಲ್ಲಿಂದ ಹೊರಗೆ ಹೋಗುತ್ತಿದೆ ನೋಡಿ. ಬೇಲಿಯ ಬುಡದಲ್ಲಿ ಮಣ್ಣು ಕೆದರಿದ್ದರೆ ತೋಡುತ್ತಿದೆ. ಮುಳ್ಳುತಂತಿಯ ಕೆಳಗಿನ ಎಳೆಗೆ ಬೆನ್ನಿನ ಕೂದಲು ಸಿಕ್ಕಿದ್ದರೆ ನುಸುಳುತ್ತಿದೆ, ಮೇಲಿನ ಎಳೆಗೆ ಹೊಟ್ಟೆಯ ಕೂದಲಿದ್ದರೆ ಹಾರುತ್ತಿದೆ. ಎಲ್ಲೂ ಏನೂ ಕಾಣದಿದ್ದರೆ, ದಣಪೆ (ಬೇಲಿಯ ದಾರಿಗೆ ಅಡ್ಡ ಗಳು ಹಾಕುವ ಬಾಗಿಲು) ಹಾಕದೆ ಹೋದವರು ಯಾರು ಎಂದು ಮನೆಯೊಳಗೆ ವಿಚಾರಿಸಿ.

ತೀರ್ಥಹಳ್ಳಿ ಕಡೆಯ ತೋಟದ ಮನೆಗೆ ಇನ್ನೊಂದು ಲೆಕ್ಕವಿದೆ. ನಾಯಿ ಹೊರಗೆ ಹೋಗಬಾರದು, ಚಿರತೆ ಒಳಗೆ ಬರಬಾರದು. ಎರಡನ್ನೂ ಒಂದೇ ಏರ್ಪಾಡಿನಲ್ಲಿ ಮಾಡಲು ಹೋದರೆ ಎರಡೂ ಕೆಡುತ್ತವೆ. ಅದಕ್ಕೇ ನಾನು ಹಗಲಿಗೆ ಜಾಲರಿ ಬೇಲಿ, ಅಡಿಕೆ ಕೊನೆ ಕೊಯ್ಯುವ ದಿನಗಳಿಗೆ ಓಡುತಂತಿ (ಮೇಲೆ ಎಳೆದ ತಂತಿಗೆ ಸರಪಳಿ ಸಿಕ್ಕಿಸಿ, ನಾಯಿ ಅದರುದ್ದಕ್ಕೂ ಓಡಾಡುವಂತೆ ಕಟ್ಟುವುದು), ರಾತ್ರಿಗೆ ಮುಚ್ಚಿದ ಗೂಡು ಮಾಡಿಕೊಂಡಿದ್ದೇನೆ.

ಬೇಲಿಗೆ 5 ಅಡಿ ಎತ್ತರದ, 2 ಇಂಚು ಕಣ್ಣಿನ, 10 ಗೇಜು ದಪ್ಪದ ಚೈನ್‌ಲಿಂಕ್, ಅಂದರೆ ತಂತಿ ಹೆಣೆದ ಜಾಲರಿ. 7 ಅಡಿಯ ಕಲ್ಲುಕಂಬ, ಅದರಲ್ಲಿ ಪೌಣೆರಡು ಅಡಿ ನೆಲದೊಳಗೆ, ಕಂಬದಿಂದ ಕಂಬಕ್ಕೆ 8 ಅಡಿ. ಮೇಲೆ, ನಡುವೆ, ಕೆಳಗೆ ಮೂರು ಎಳೆ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಬಿಗಿಯಬೇಕು. ಕೆಲಸದವರು ಕೆಳಗಿನ ಎಳೆಯನ್ನೇ ಬಿಡುತ್ತಾರೆ. ಅದಿಲ್ಲದಿದ್ದರೆ ನಾಯಿ ಮೂತಿ ತೂರಿಸಿ ಎತ್ತಿದಾಗ ಜಾಲರಿ ಪರದೆಯಂತೆ ಮೇಲೇಳುತ್ತದೆ. ತೋಡುವ ನಾಯಿಯಾದರೆ 2 ಅಡಿ ಅಗಲದ ಜಾಲರಿಯನ್ನು ಬೇಲಿಯ ಒಳಬದಿಗೆ ನೆಲದ ಮೇಲೆ ಹಾಸಿ, ಬೇಲಿಗೆ ಬೈಂಡಿಂಗ್ ತಂತಿಯಿಂದ ಕಟ್ಟಿ, ಮೇಲೆ 3 ಇಂಚು ಮಣ್ಣು ಹಾಕಬೇಕು. ನಾಯಿ ತೋಡುವುದು ಬೇಲಿಯ ಬುಡದಲ್ಲೇ. ಎರಡು ಅಡಿ ಹಿಂದೆ ಸರಿದು ತೋಡೋಣ ಎಂದು ಅದಕ್ಕೆ ಹೊಳೆಯುವುದು ಅಪರೂಪ. ಮಣ್ಣೊಳಗಿನ ಜಾಲರಿ ತುಕ್ಕು ಹಿಡಿದೇ ಹಿಡಿಯುತ್ತದೆ, ಮಳೆಗಾಲ ಮುಗಿದ ಮೇಲೆ ಹಾರೆಯ ತುದಿಯಿಂದ ಎತ್ತಿ ನೋಡಿ.

ಬೇಲಿಗೆ ಆತು ಕಟ್ಟಿಗೆ ಪೇರಿಸಬೇಡಿ. 2 ಅಡಿ ಕಟ್ಟಿಗೆ ಇದ್ದರೆ 5 ಅಡಿಯ ಬೇಲಿ 3 ಅಡಿಯದ್ದೇ. ಇನ್ನು ಮುಧೋಳದ ನಾಯಿ ಸಾಕುವವರಿಗೆ 5 ಅಡಿ ಸಾಲುವುದೇ ಇಲ್ಲ. ಗಂಡು ಭುಜದ ಹತ್ತಿರವೇ 70 ಸೆಂಟಿಮೀಟರಿನ ಆಸುಪಾಸು ಬರುತ್ತದೆ, ಜಿಗಿತವೂ ಹಾಗೇ. 6 ಅಡಿ ಮಾಡಿ, ಮೇಲೆ ಒಳಮುಖವಾಗಿ ಓರೆಯಾಗಿ ಒಂದೂವರೆ ಅಡಿ ಜಾಲರಿ ಕೊಡಿ. ಆನೆಗೆಂದು ಹಾಕುವ ಸೋಲಾರ್ ಬೇಲಿ ನಾಯಿಗೆ ಬೇಡ. ಹಾರುವಾಗ ಶಾಕ್ ತಗಲಿದರೆ ಮುಂದಕ್ಕೇ ಓಡುತ್ತದೆ, ಆಮೇಲೆ ಹೆದರಿಕೊಂಡು ಒಳಗೆ ಬರುವುದಿಲ್ಲ.

ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ, ಅಡಿಕೆ ಸುಲಿಯುವವರು, ಜೀಪು ಎಂದು ದಣಪೆ ತೆರೆದೇ ಇರುವ ದಿನಗಳಲ್ಲಿ ಓಡುತಂತಿ ಬೇಕು. ಎರಡು ಗಟ್ಟಿ ಮರಗಳ ನಡುವೆ 40 ಅಡಿ, 6 ಎಂಎಂ ಸ್ಟೀಲ್ ರೋಪು, ನೆಲದಿಂದ 7 ಅಡಿ ಮೇಲೆ. ಅಡಿಕೆ ಮರಕ್ಕೆ ಕಟ್ಟಬೇಡಿ, ತೊನೆಯುತ್ತದೆ. ತೊಗಟೆ ಕುಯ್ಯದಂತೆ ಹಳೆ ಟೈರಿನ ತುಂಡು ಸುತ್ತಿ. ಒಂದು ತುದಿಗೆ ರೋಪು ಬಿಗಿ ಮಾಡುವ ತಿರುಪು, ಅಂದರೆ ಟರ್ನ್‌ಬಕಲ್, ಎರಡೂ ತುದಿಗೆ ಮೂರು ಮೂರು ಕ್ಲಾಂಪು. ಕ್ಲಾಂಪಿನ ಹಲ್ಲಿರುವ ತಟ್ಟೆ ಭಾರ ಎಳೆಯುವ ಎಳೆಯ ಮೇಲೆ ಕೂರಬೇಕು, ಯು-ಬೋಲ್ಟು ಮಡಚಿದ ಬಾಲದ ಮೇಲೆ. ತಿರುಗಾಮುರುಗಾ ಆದರೆ ಭಾರ ಎಳೆಯುವ ಎಳೆಯೇ ನಜ್ಜಾಗುತ್ತದೆ.

ರೋಪಿಗೆ ರಾಟೆಗಿಂತ ಕಬ್ಬಿಣದ ಬಳೆ ವಾಸಿ. ರಾಟೆಯ ಅಂಚಿಗೆ ರೋಪು ಸಿಕ್ಕಿಕೊಂಡರೆ ನಾಯಿ ನಿಂತಲ್ಲೇ ನಿಲ್ಲುತ್ತದೆ. ಬಳೆ ಸವೆಯುತ್ತದೆ ನಿಜ, ಒಳಮೈಯಲ್ಲಿ ಉಗುರು ಕೂರುವಷ್ಟು ಕಚ್ಚು ಬಿದ್ದರೆ ಬದಲಿಸಿದರಾಯಿತು. ಅದರ ಗರಗರ ಸದ್ದು ಒಳಗಿದ್ದವರಿಗೂ ಕೇಳುತ್ತದೆ. ಇಳಿಬಿಡುವ ಸರಪಳಿ ಏಳೂವರೆ ಅಡಿ, ಬಳೆಯ ಹತ್ತಿರವೊಂದು, ಕೊರಳಪಟ್ಟಿಯ ಹತ್ತಿರವೊಂದು ತಿರುಗುವ ಕೊಂಡಿ. ಆಗ ನಾಯಿ ಆರಾಮಾಗಿ ಮಲಗುತ್ತದೆ, ಎರಡೂ ಬದಿಗೆ ಸುಮಾರು 5 ಅಡಿ ಸರಿಯುತ್ತದೆ. ಮರಕ್ಕೆ ಸುತ್ತಿಕೊಳ್ಳದಂತೆ ಎರಡೂ ತುದಿಯಿಂದ 6 ಅಡಿ ಈಚೆಗೆ ಒಂದೊಂದು ಕ್ಲಾಂಪು ಬಿಗಿದರೆ ಅದೇ ತಡೆ. ತಂತಿಯ ಆಚೀಚೆ 7 ಅಡಿಯೊಳಗೆ ಧರೆ (ಕಡಿದ ಮಣ್ಣಿನ ದಿಬ್ಬ), ಅಗಳ (ಕಂದಕ), ಮೋಟುಗೋಡೆ ಯಾವುದೂ ಇರಕೂಡದು. ನಾಯಿ ಅದರಾಚೆ ಜಿಗಿದು ನೇಣಾಗುವುದು ಹಾಗೆಯೇ. ಓಡುತಂತಿ ಗಂಟೆ ಎರಡು ಗಂಟೆಗೆ ಮಾತ್ರ. ಸದಾ ಕಟ್ಟಿಹಾಕಿ, ಓಡಾಡಿಸದೆ ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು. ರಾತ್ರಿಯಂತೂ ಕಟ್ಟಲೇಬಾರದು. ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಎಲೆ.

ಗೂಡು 10 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಎತ್ತರ. 35 ಎಂಎಂ ಕಬ್ಬಿಣದ ಆಂಗಲ್ ಚೌಕಟ್ಟಿಗೆ ವೆಲ್ಡ್‌ಮೆಶ್, ಅಂದರೆ ಬೆಸೆದ ಜಾಲರಿ. ಇಲ್ಲಿ ಚೈನ್‌ಲಿಂಕ್ ಬೇಡ, ಒಂದು ಎಳೆ ತುಂಡಾದರೆ ಹೆಣಿಗೆ ಬಿಟ್ಟುಕೊಳ್ಳುತ್ತದೆ. ಹಂಚಿನ ಕೆಳಗೂ ಮೆಶ್ ಬೇಕೇ ಬೇಕು, ಬರೀ ಹಂಚನ್ನು ಚಿರತೆ ಸರಿಸಬಲ್ಲದು. ಕೆಳಗಿನ ಎರಡೂವರೆ ಅಡಿ ಗೋಡೆಯಿದ್ದರೆ ಹೊರಗಿಂದ ಪಂಜ ತೂರದು. ಮಳೆ ಹೊಡೆಯುವ ಪಡುವಣ ಬದಿಯನ್ನು ಪೂರ್ತಿ ಮುಚ್ಚಿ. ಜಂಬಿಟ್ಟಿಗೆಯ ಸಂದಿಯಲ್ಲಿ ಉಣ್ಣಿ ಸೇರುತ್ತದೆ, ಒಳಗೆ ಗಾರೆ ಮಾಡಿಸಿ. ನೆಲ ಅಂಗಳಕ್ಕಿಂತ ಒಂದು ಅಡಿ ಮೇಲೆ, 6 ಅಡಿಗೆ ಒಂದೂವರೆ ಇಂಚು ಇಳಿಜಾರು. ಮಲಗಲು 4 ಇಂಚು ಎತ್ತರದ ಹಲಗೆ, ಬಿಸಿಲಿಗೆ ಇಡುವಂತೆ ಬಿಡಿಯಾಗಿರಲಿ. ಬಾಗಿಲು ಒಳಕ್ಕೆ ತೆರೆಯಬೇಕು, ಆಗ ನಾಯಿ ಮೈ ಹಾಕಿ ದೂಡಿದರೂ ಚೌಕಟ್ಟೇ ತಡೆಯುತ್ತದೆ. ಚಿಲಕ ಮೇಲೊಂದು, ಕೆಳಗೊಂದು.

ಗೂಡು ಕಟ್ಟಿದ ರಾತ್ರಿಯೇ ಒಳಗೆ ತಳ್ಳಿ ಚಿಲಕ ಹಾಕಿದರೆ ಬೆಳಗಿನವರೆಗೂ ಊಳಿಡುತ್ತದೆ. ನಾಲ್ಕೈದು ದಿನ ಬಾಗಿಲು ತೆರೆದಿಟ್ಟು ಊಟ ಒಳಗೇ ಹಾಕಿ. ಆಮೇಲೆ ಉಣ್ಣುವಷ್ಟು ಹೊತ್ತು ಮುಚ್ಚಿ, ಬಟ್ಟಲು ಖಾಲಿಯಾದ ಕೂಡಲೇ ತೆಗೆಯಿರಿ. ದಿನಾ ಹತ್ತು ನಿಮಿಷ ಹೆಚ್ಚಿಸುತ್ತ ಹೋಗಿ. ಕೂಗುತ್ತಿರುವಾಗ ಮಾತ್ರ ತೆಗೆಯಬೇಡಿ, ಸುಮ್ಮನಾಗಲಿ.