ಪ್ರೊಜೆಕ್ಟೈಲ್ ಲೆಕ್ಕ: ನಾನು ತುದಿಯಿಂದ ಶುರು ಮಾಡಿಸುವುದು ಹೀಗೆ

ಹಾಸನದ ಸಾಲಗಾಮೆ ರಸ್ತೆ ಹತ್ತಿರ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಹೇಳುತ್ತೇನೆ. ಪ್ರೊಜೆಕ್ಟೈಲ್, ಅಂದರೆ ಎಸೆದ ಚೆಂಡು ಕಮಾನಾಗಿ ಹಾರಿ ಬೀಳುವ ಪಾಠ ಬಂದಾಗ ನಾನು ಮೊದಲು ರೇಂಜ್ (ಚೆಂಡು ಎಷ್ಟು ದೂರ ಹೋಗಿ ಬೀಳುತ್ತದೆ ಅನ್ನುವುದು) ಫಾರ್ಮುಲಾ ಬರೆಸುವುದಿಲ್ಲ. ಲೆಕ್ಕವನ್ನು ನೆಲದಿಂದಲೂ ಶುರು ಮಾಡಿಸುವುದಿಲ್ಲ. ಚೆಂಡು ಅತಿ ಎತ್ತರ ಮುಟ್ಟುವ ಜಾಗ ಇದೆಯಲ್ಲ, ಆ ತುದಿಯಿಂದ ಶುರು. "ಸಿಇಟಿಗೆ ಇದೆಲ್ಲ ಆಗಲ್ಲ ಸಾರ್, ಫಾರ್ಮುಲಾ ಬಾಯಿಪಾಠ ಮಾಡಿಸಿ" ಎಂದ ಮೇಷ್ಟ್ರುಗಳೇ ಜಾಸ್ತಿ. ಈ ಸಲದ ಬ್ಯಾಚ್ ನೋಡಿದ ಮೇಲೆ ಅವರಲ್ಲೇ ಇಬ್ಬರು ಬಂದು ನೋಟ್ಸ್ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿಗೆ ಬರುವ ಮುಂಚೆ ದುಡ್ಡು ಸಾಕಷ್ಟು ಹೋಯಿತು. ಆನಿಮೇಷನ್ ಪಾಠಗಳ ಒಂದು ಸೆಟ್, ಜೊತೆಗೆ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್, ಎರಡೂ ಸೇರಿ ಸುಮಾರು 30,000. ಮಕ್ಕಳು ಕಣ್ಣರಳಿಸಿ ನೋಡಿದರು. ಟೆಸ್ಟ್ ಕೊಟ್ಟರೆ ಮಾತ್ರ ಖಾಲಿ ಹಾಳೆ. ಆಮೇಲೆ ವೆಲ್ಡಿಂಗ್ ಶಾಪಿನಲ್ಲಿ ಸ್ಪ್ರಿಂಗ್ ಹಾಕಿಸಿ ಚೆಂಡು ಹಾರಿಸುವ ಸಾಧನ ಮಾಡಿಸಿದೆ. ಎರಡೂವರೆ ಸಾವಿರ ಆಗಿರಬೇಕು. 30 ಡಿಗ್ರಿಗೂ 60 ಡಿಗ್ರಿಗೂ ಒಂದೇ ರೇಂಜ್ ಬರಬೇಕು, ಅಲ್ವಾ? ಬರಲೇ ಇಲ್ಲ. ಒಂದೇ ಕೋನಕ್ಕೆ ಇಟ್ಟರೂ ಚೆಂಡು ಒಂದೊಂದು ಸಲ ಒಂದೊಂದು ಕಡೆ ಬೀಳುತ್ತಿತ್ತು. ಆ ವರ್ಷ ಕೆಲವರು ಬ್ಯಾಚ್ ಬಿಟ್ಟು ಹೋದರು. ಫೀಸಿನ ನಷ್ಟವೇ ಹತ್ತಿರ ಹತ್ತಿರ 40,000.

ಕೊನೆಗೆ ಕೆಲಸಕ್ಕೆ ಬಂದದ್ದು ಗ್ರಾಫ್ ಹಾಳೆ. ಅದನ್ನು ನಡುವೆ ಉದ್ದಕ್ಕೆ ಮಡಿಸಬೇಕು. ಮಡಿಕೆ ಗೆರೆಯ ಮೇಲ್ತುದಿಯಲ್ಲಿ ಒಂದು ಚುಕ್ಕೆ. ಚೆಂಡಿನ ತುದಿ ಅದೇ. ಅಲ್ಲಿ ಮೇಲ್ಮುಖ ವೇಗ ಸೊನ್ನೆ, ಅಡ್ಡ ವೇಗ ಮಾತ್ರ ಉಳಿದಿರುತ್ತದೆ. ಜಿ, ಅಂದರೆ ಗುರುತ್ವದ ವೇಗೋತ್ಕರ್ಷ, 10 ಎಂದು ಇಟ್ಟುಕೊಂಡರೆ ಅಲ್ಲಿಂದ 1 ಸೆಕೆಂಡಿಗೆ 5 ಮೀಟರ್ ಕೆಳಗೆ, 2 ಸೆಕೆಂಡಿಗೆ 20, 3 ಸೆಕೆಂಡಿಗೆ 45. ಬಲಗಡೆ ಚುಕ್ಕೆ ಇಡಿಸಿ, ಹಾಳೆ ಮಡಿಸಿ ಪಿನ್ನಿನಿಂದ ಚುಚ್ಚಿಸುತ್ತೇನೆ. ಬಿಡಿಸಿದರೆ ಎಡಗಡೆಯೂ ರೆಡಿ. ಏರಿದಷ್ಟೇ ಹೊತ್ತು ಇಳಿಯಲೂ ಬೇಕು ಎನ್ನುವುದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ, ತೂತುಗಳೇ ತೋರಿಸುತ್ತವೆ.

ಒಂದು ಲೆಕ್ಕ ನೋಡಿ. ಒಂದೇ ಎತ್ತರದ ಎರಡು ಕಂಬಗಳು, ನಡುವೆ 20 ಮೀಟರ್. ಚೆಂಡು ಮೊದಲನೆಯದರ ತುದಿಯನ್ನು 1ನೇ ಸೆಕೆಂಡಿಗೆ ಸವರಿಕೊಂಡು ಹೋಗುತ್ತದೆ, ಎರಡನೆಯದನ್ನು 3ನೇ ಸೆಕೆಂಡಿಗೆ. 1 ಮತ್ತು 3ರ ನಡುವೆ 2, ಮಡಿಕೆ ಅಲ್ಲೇ. ಹಾಗಾಗಿ ಒಟ್ಟು 4 ಸೆಕೆಂಡು, ತುದಿ ನೆಲದಿಂದ 20 ಮೀಟರ್. ಕಂಬದ ನೆತ್ತಿ ಚೆಂಡಿನ ತುದಿಗಿಂತ 1 ಸೆಕೆಂಡು, ಅಂದರೆ 5 ಮೀಟರ್ ಕೆಳಗೆ, ಹಾಗಾಗಿ ಕಂಬದ ಎತ್ತರ 15 ಮೀಟರ್. 2 ಸೆಕೆಂಡಿಗೆ 20 ಮೀಟರ್ ಹೋದ ಚೆಂಡಿನ ಅಡ್ಡ ವೇಗ 10. ರೇಂಜ್ 40. ಸೈನ್ ಬೇಕಾಗಲಿಲ್ಲ, ಕಾಸ್ ಬೇಕಾಗಲಿಲ್ಲ. ಕಂಬದ ಎತ್ತರಕ್ಕೆ ಇನ್ನೂ ಬೇಗನೆಯ ದಾರಿ ಇದೆ: ಎರಡು ಸಮಯಗಳನ್ನು ಗುಣಿಸಿ, 5ರಿಂದ ಗುಣಿಸಿದರೆ ಆಯಿತು.

"ಮಹಡಿ ಮೇಲಿನಿಂದ ಎಸೆದರೆ ನಿಮ್ಮ ಮಡಿಕೆ ಏನು ಮಾಡುತ್ತೆ?" ಎಂದು ಒಬ್ಬ ಮೇಷ್ಟ್ರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. 15 ಮೀಟರ್ ಮಹಡಿ, ಮೇಲ್ಮುಖ ವೇಗ 10 ಎಂದರು. ಎಂದಿನ ದಾರಿಯಲ್ಲಿ ಹೋದರೆ ಮೈನಸ್ 15 ಹಾಕಿ ವರ್ಗ ಸಮೀಕರಣ ಬಿಡಿಸಬೇಕು. ಅರ್ಧ ಕ್ಲಾಸು ಆ ಮೈನಸ್‌ನಲ್ಲೇ ಎಡವುತ್ತದೆ. ತುದಿಯಿಂದ ನೋಡಿದರೆ ಏರಲು 1 ಸೆಕೆಂಡು, ಏರುವುದು 5 ಮೀಟರ್. ತುದಿಯಿಂದ ನೆಲಕ್ಕೆ 20 ಮೀಟರ್, ಇಳಿಯಲು 2 ಸೆಕೆಂಡು. ಒಟ್ಟು 3. ಆಲೂರು ಕಡೆಯ ಹುಡುಗಿಯೊಬ್ಬಳು ಪೆನ್ನೇ ಮುಟ್ಟದೆ ಹೇಳಿದಳು. ಮೇಷ್ಟ್ರು ಬೋರ್ಡಿನಲ್ಲಿ ಇನ್ನೂ ಸಮೀಕರಣ ಬರೆಯುತ್ತಿದ್ದರು. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಅಷ್ಟು ಹೊತ್ತು ಉಳಿದರೆ ಇನ್ನೊಂದು ಪ್ರಶ್ನೆ ಆಗುತ್ತದೆ.

ಇಳಿಜಾರಿನ ಮೇಲೆ ಬೀಳುವ ಚೆಂಡಿಗೂ ಹಾಳೆ ಮಡಿಸುವ ಒಂದು ದಾರಿ ಕಂಡುಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಬ್ಯಾಚಿಗೇ ಇರಲಿ.

ಈ ಹುಚ್ಚಿನಲ್ಲಿ ಸಕಲೇಶಪುರದ ಕಡೆ ಭಾವನ ತೋಟಕ್ಕೂ ಹೋಗಿದ್ದೆ. ಬೇಸಿಗೆ ಶುರುವಿನಲ್ಲಿ ರೋಬಸ್ಟಾ ಹೂ ಬಿಡಲೆಂದು ಸ್ಪ್ರಿಂಕ್ಲರ್ ಹಾಕುತ್ತಾರೆ. ನೀರಿನ ಕಮಾನನ್ನು ಪಕ್ಕದಿಂದ ಫೋಟೋ ತೆಗೆದು, ಪ್ರಿಂಟ್ ಹಾಕಿಸಿ, ತುದಿಗೆ ಸರಿಯಾಗಿ ಮಡಿಸಿದೆ. ಎರಡು ಕಡೆ ಹೊಂದಲೇ ಇಲ್ಲ. ಏರುವ ಕಡೆ ಉದ್ದ, ಇಳಿಯುವ ಕಡೆ ಕಡಿದಾಗಿ ಗಿಡ್ಡ. ನೀರು ಸಣ್ಣ ಹನಿಯಾಗಿ ಒಡೆದ ಮೇಲೆ ಗಾಳಿ ಅದನ್ನು ಬಲವಾಗಿ ತಡೆಯುತ್ತದೆ. ನಾಜಲ್ಲನ್ನೂ 45 ಡಿಗ್ರಿಗೆ ಇಟ್ಟಿರುವುದಿಲ್ಲ, ಎಷ್ಟೋ ತಗ್ಗಿಸಿರುತ್ತಾರೆ. ಊರಿಗೆ ಬಂದು ಟೆನಿಸ್ ಚೆಂಡನ್ನು ಮೇಲಕ್ಕೆ ಎಸೆದು ಮೊಬೈಲಿನಲ್ಲಿ ಸ್ಲೋ ಮೋಷನ್ ಹಿಡಿದೆ, ಸೆಕೆಂಡಿಗೆ 240 ಫ್ರೇಮ್. ಆಳೆತ್ತರಕ್ಕೂ ಕಮ್ಮಿ ಏರಿದ್ದಕ್ಕೆ 120ರ ಆಸುಪಾಸು ಫ್ರೇಮ್ ಬಂತು, ಇಳಿಯಲೂ ಅಷ್ಟೇ. ಶಟಲ್ ಕಾಕ್ ಇಳಿಯಲು ಮಾತ್ರ ಜಾಸ್ತಿ ಫ್ರೇಮ್ ತಿಂದಿತು. ಈಗ ಮೂರನ್ನೂ ಕ್ಲಾಸಿನಲ್ಲಿ ತೋರಿಸುತ್ತೇನೆ. ಮಡಿಕೆ ಎಲ್ಲಿವರೆಗೆ ನಡೆಯುತ್ತದೆ ಅನ್ನುವುದು ಮಕ್ಕಳಿಗೆ ಗೊತ್ತಿರಬೇಕು.

ಥಿಯರಿ ಪರೀಕ್ಷೆಗೆ ಡಿರೈವೇಷನ್ ಬರೆಯಲೇಬೇಕು. ಅದನ್ನು ಪುಸ್ತಕದಲ್ಲಿ ಇದ್ದ ಹಾಗೆಯೇ ಬರೆಸುತ್ತೇನೆ, ಆದರೆ ಪಾಠದ ಕೊನೆಗೆ. ಹಾಳೆ ಕೈಗೆ ಕೂತಿರುವುದರಿಂದ ಹಿಂದೆ ಎರಡು ಕ್ಲಾಸ್ ಹಿಡಿಯುತ್ತಿದ್ದ ಡಿರೈವೇಷನ್ ಈಗ ಅರ್ಧ ಗಂಟೆಯಲ್ಲಿ ಮುಗಿಯುತ್ತಿದೆ.